ನೀರಿಗೆ ಬಾಗಿಲು ತೆರೆಯುವ ಊರು

ಹೊಯಾನ್ ತಲುಪಿದ್ದು

ವಿಯೆಟ್ನಾಮಿನಲ್ಲಿ ಹೆಸರು ಕೇಳುವ ಮೊದಲು ವಯಸ್ಸು ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ಕೇಳಿದಳು, ಚೀಲ ಇಳಿಸಿಕೊಟ್ಟ ಕಂಡಕ್ಟರ್ ಕೇಳಿದ, ಕೊನೆಗೆ ನಾನು ಉಳಿದುಕೊಳ್ಳಬೇಕಾಗಿದ್ದ ಮನೆಯ ಒಡತಿ ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದರು. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥದ್ದನ್ನು ಕೇಳಿದರೆ ಉತ್ತರಪತ್ರಿಕೆಯ ಕಟ್ಟನ್ನು ಮುಂದೆಳೆದುಕೊಳ್ಳುವುದು ನನ್ನ ರೂಢಿ. ಇಲ್ಲಿ ಅದು ನಡೆಯುವಂತಿರಲಿಲ್ಲ. ಎದುರಿಗಿರುವವರು ತಂಗಿಯೋ ಅಕ್ಕನೋ ಅತ್ತೆಯೋ ಅಜ್ಜಿಯೋ ಎಂದು ಗೊತ್ತಾಗದೆ ಅವರ ಭಾಷೆಯಲ್ಲಿ ಮಾತೇ ಶುರುವಾಗುವುದಿಲ್ಲ.

‘ಇಪ್ಪತ್ತೊಂಬತ್ತು,’ ಎಂದೆ. ಮನೆಯೊಡತಿ ಸಮಾಧಾನದಿಂದ ತಲೆಯಾಡಿಸಿ, ತನ್ನನ್ನು ‘ಕೊ ಲಾನ್’ ಎಂದು ಕರೆಯಬೇಕೆಂದು ಹೇಳಿದರು. ‘ಕೊ’ ಎಂದರೆ ಅತ್ತೆ. ಐವತ್ತೈದರ ಆಸುಪಾಸಿನ, ಚಿಕ್ಕ ಮೈಕಟ್ಟಿನ, ಅರಿವೆ ಅಂಗಡಿ ನಡೆಸುವ ಹೆಂಗಸು. ಅವರ ಇಂಗ್ಲಿಷು ಗಿರಾಕಿಗಳ ಬಾಯಿಂದ ಕಲಿತದ್ದು. ಅದರಲ್ಲಿ ವ್ಯಾಕರಣಕ್ಕಿಂತ ಕಕ್ಕುಲಾತಿ ಹೆಚ್ಚು. ಅದನ್ನು ಇಲ್ಲಿ ನಮ್ಮ ಹುಬ್ಬಳ್ಳಿಯ ಮಾತಿನಲ್ಲಿ ಬರೆಯುತ್ತಿದ್ದೇನೆ. ನನ್ನ ಕಿವಿಗೆ ಅದು ಕೇಳಿಸಿದ್ದೇ ಹಾಗೆ.

‘ಮದವಿ?’

‘ಆಗಿಲ್ಲ.’

‘ಮನ್ಯಾಗ ಯಾರ್ಯಾರು ಅದಾರ?’

ಅಪ್ಪ, ಅವ್ವ, ಆಯಿ ಎಂದೆ.

‘ಅವರೊಳಗ ಮೆಟ್ಟಲಾ ಏರಾಕ ಆಗದವ್ರು ಯಾರು?’

ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಆಯಿ, ನಮ್ಮಪ್ಪನ ತಾಯಿ, ಸೊಂಟದ ಎಲುಬು ಮುರಿದು ಮೂರು ವರ್ಷವಾಯಿತು ಎಂದು ಹೇಳಿದೆ.

‘ಮತ್ತ ನೀರ್ ಬಂದ್ರ ಆಕಿನ್ನ ಯಾರು ಎತ್ತತಾರ?’

ನನಗೆ ಕೋಣೆ ತೋರಿಸುತ್ತೀರಾ ಎಂದು ಕೇಳಿದೆ.

ಮೊದಲ ದಿನ: ಗೋಡೆಯ ಗೆರೆಗಳು

ಹೊಯಾನ್ ನದಿಯ ದಂಡೆಯ ಹಳೆಯ ವ್ಯಾಪಾರಿ ಊರು. ಮಳೆಗಾಲ ಅಲ್ಲಿ ನಮ್ಮ ದೀಪಾವಳಿಯ ಹೊತ್ತಿಗೆ ಜೋರಾಗುತ್ತದೆ. ಪ್ರತಿವರ್ಷ ಒಂದಲ್ಲ ಒಂದು ಸಲ ನದಿ ಬೀದಿಗೆ ಬರುತ್ತದೆ. ಇಲ್ಲಿಗೆ ಬರುವ ಮೊದಲು ದಾ ನಾಂಗ್ ನಗರದಲ್ಲಿ ಭೂಗೋಳ ಕಲಿಸುವವರಿಗೆಂದು ನಡೆದ ತರಬೇತಿಯಲ್ಲಿ ಇದನ್ನೆಲ್ಲ ನಕ್ಷೆಗಳ ಮೇಲೆ ನೋಡಿದ್ದೆ. ಲಾನ್ ಅವರ ಅಂಗಡಿಯಲ್ಲಿ ಗೋಡೆಯ ಮೇಲೆ ನೋಡಿದೆ.

ಅರಿವೆಯ ಥಾನುಗಳ ಹಿಂದೆ, ಸುಣ್ಣದ ಗೋಡೆಯ ಮೇಲೆ ಅಡ್ಡ ಗೆರೆಗಳು, ಪ್ರತಿ ಗೆರೆಯ ಪಕ್ಕದಲ್ಲಿ ಒಂದು ಇಸವಿ. ಕೆಲವು ಮೊಣಕಾಲಿನ ಮಟ್ಟಕ್ಕೆ, ಕೆಲವು ಎದೆಯ ಮಟ್ಟಕ್ಕೆ. ಒಂದು ನನ್ನ ತಲೆಗಿಂತ ಮೇಲೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲೂ ಇಂಥದೊಂದು ಗುರುತು ಇತ್ತು. ಅಪ್ಪ ಅದರ ಮೇಲೆ ಎರಡು ಸಲ ಬಣ್ಣ ಹೊಡೆಸಿದರು. ಇಲ್ಲಿ ಗೋಡೆಗೆ ಸುಣ್ಣ ಬಳಿಯುವವರು ಗೆರೆಗಳನ್ನು ಬಿಟ್ಟು ಬಳಿಯುತ್ತಾರೆ.

ತಲೆಯೆತ್ತಿ ನೋಡಿದರೆ ಮಾಳಿಗೆಯ ಹಲಗೆಯಲ್ಲಿ ಎರಡು ಮೊಳ ಅಗಲದ ಚೌಕಾಕಾರದ ಕಿಂಡಿ, ಅದರ ಮೇಲೆ ಒಂದು ಗಾಲಿ, ಗಾಲಿಯಿಂದ ಇಳಿಬಿದ್ದ ಹಗ್ಗ. ನೀರು ಬರುವ ಸುದ್ದಿಯಾದರೆ ಅಂಗಡಿಯ ಸಾಮಾನೆಲ್ಲ ಬಾವಿಯಿಂದ ಕೊಡ ಏರಿದ ಹಾಗೆ ಆ ಕಿಂಡಿಯಿಂದ ಮೇಲೇರುತ್ತದೆ. ಮನೆ ಕಟ್ಟಿಸಿದ ಮುತ್ತಜ್ಜನೇ ಅದನ್ನು ಇಡಿಸಿದ್ದನಂತೆ. ನಾವು ಮನೆ ಕಟ್ಟುವಾಗ ದೇವರ ಕೋಣೆ ಎಲ್ಲಿ, ಅಡುಗೆಮನೆ ಯಾವ ಮೂಲೆಗೆ ಎಂದು ತಿಂಗಳುಗಟ್ಟಲೆ ವಿಚಾರ ಮಾಡುತ್ತೇವೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳುವುದಿಲ್ಲ.

ಸಂಜೆ ಗಲ್ಲಿಯ ಕಂಬದ ಮೇಲಿನ ಧ್ವನಿವರ್ಧಕ ಏನನ್ನೋ ಓದಿತು. ನದಿಯ ಮಟ್ಟ ಇಷ್ಟು ಎಂಬ ಅಂಕಿ. ಎಲ್ಲರೂ ಕೆಲಸ ನಿಲ್ಲಿಸಿ ಕೇಳಿ, ಮತ್ತೆ ಕೆಲಸಕ್ಕೆ ತೊಡಗಿದರು. ಲಾನ್ ಬಾಗಿಲಿನ ಚೌಕಟ್ಟಿಗೆ ಹಾಕಿದ ಮೂರು ಸೀಮೆಸುಣ್ಣದ ಗುರುತು ತೋರಿಸಿದರು. ಸರಕಾರದ ಅಂಕಿ ಇಷ್ಟಾದರೆ ನಮ್ಮ ಮೊದಲ ಮೆಟ್ಟಿಲು, ಇಷ್ಟಾದರೆ ಎರಡನೆಯದು, ಇಷ್ಟಾದರೆ ಹೊಸ್ತಿಲು. ಪ್ರತಿ ಮನೆಯೂ ನದಿಯ ಅಂಕಿಯನ್ನು ತನ್ನ ಹೊಸ್ತಿಲಿನ ಲೆಕ್ಕಕ್ಕೆ ತಿರುಗಿಸಿಕೊಂಡಿತ್ತು. ಆರು ವರ್ಷದಿಂದ ಮಳೆಯ ಅಳತೆ ಕಲಿಸುತ್ತಿರುವ ನನಗೆ, ಎಷ್ಟು ಮಳೆಯಾದರೆ ನಮ್ಮ ಮನೆಯ ಮೆಟ್ಟಿಲು ಮುಳುಗುತ್ತದೆ ಎಂದು ಗೊತ್ತಿರಲಿಲ್ಲ.

ಬಿರುಗಾಳಿಗೂ ಅವರದು ಇಂಥದೇ ಸಿದ್ಧತೆ. ಎದುರುಮನೆಯ ತಗಡಿನ ಮಾಡಿನ ಮೇಲೆ ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ಚೀಲಗಳನ್ನು ಹಾಸುಗೆಯಂತೆ ಮಲಗಿಸಿದ್ದರು. ನಮ್ಮ ಹುಬ್ಬಳ್ಳಿಯ ತಾರಿಹಾಳದ ಕಾರ್ಖಾನೆ ಶೆಡ್ಡುಗಳ ಮೇಲೆ ಕಲ್ಲು ಹೇರುತ್ತಾರೆ. ಗಾಳಿಗೆ ಹಾರಿದರೆ ಕಲ್ಲು ಯಾರದೋ ತಲೆಯ ಮೇಲೆ ಬೀಳುತ್ತದೆ, ಚೀಲ ಒಡೆದರೆ ನೀರು ಚೆಲ್ಲುತ್ತದೆ, ಅಷ್ಟೆ.

ನಡುವೆ ಒಂದು ಮಾತು: ನಮ್ಮ ಕಡಲೆ ಚೀಲ

ಲಾನ್ ಅವರ ಪ್ರಶ್ನೆಗೆ ನಾನೇಕೆ ಉತ್ತರ ಕೊಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ನಮ್ಮ ಮನೆ ದೇಶಪಾಂಡೆ ನಗರದ ಹಿಂದೆ, ಊರಿನ ಮಳೆನೀರು ಹರಿಯುವ ನಾಲಾದ ಸಮೀಪ. ಅಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರಿ. ಹಿಂದಿನ ಮಳೆಗಾಲದ ಒಂದು ಮಧ್ಯಾಹ್ನ ಮೋಡ ಕಳಚಿಬಿದ್ದಂಥ ಮಳೆ ಸುರಿದು ನಾಲಾ ಗಲ್ಲಿಗೆ ಬಂತು. ನೀರು ಇನ್ನೂ ಮೆಟ್ಟಿಲಲ್ಲಿದ್ದಾಗ ಪಕ್ಕದ ಮನೆಯ ಮಾಳಿಗೆಯಿಂದ ಕಾಂಬಳೆ ಬಾಯಾರು ಕೂಗಿದರು. ಅವರು ಸಾಲೆಯಲ್ಲಿ ಶಿಕ್ಷಕಿ, ಅದಕ್ಕೇ ಎಲ್ಲರ ಬಾಯಲ್ಲೂ ‘ಬಾಯಾರು’. ಗಂಡ ಸರಕಾರಿ ಕಚೇರಿಯಲ್ಲಿದ್ದಾರೆ.

‘ಸಾಹುಕಾರ್ರ, ಆಯಿನ್ನ ನಮ್ಮ ಮ್ಯಾಲಿನ ಖೋಲಿಗೆ ತರ್ರಿ! ಲಗೂ ತರ್ರಿ!’

‘ಇರ್ಲಿ ಬಿಡ್ರಿ ಬಾಯಾರ,’ ಎಂದರು ಅಪ್ಪ. ‘ನಾವು ಬಂದೋಬಸ್ತ್ ಮಾಡೇವಿ.’

ಕಾಂಬಳೆಯವರು ದಲಿತರು, ಬೌದ್ಧ ಧರ್ಮಕ್ಕೆ ಬಂದವರು. ಪಕ್ಕದಲ್ಲಿ ಎಂಟು ವರ್ಷದಿಂದ ಇದ್ದರೂ ಅಪ್ಪ ಆ ಮನೆಯಲ್ಲಿ ನೀರು ಮುಟ್ಟಿದವರಲ್ಲ. ‘ಇರ್ಲಿ ಬಿಡ್ರಿ’ ಎಂಬುದರ ಅರ್ಥ ಬಾಯಾರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಸುಮ್ಮನಿದ್ದೆ.

ಬಂದೋಬಸ್ತ್ ಎಂದರೆ ಕಡಲೆ ಚೀಲ. ಮುಂಬಾಗಿಲ ಒಳಗಿನ ಇಕ್ಕಟ್ಟಾದ ಸಂದಿಯಲ್ಲಿ, ಬಾಗಿಲಿಗೂ ಎದುರು ಗೋಡೆಗೂ ನಡುವೆ, ಅಪ್ಪ ಒಂಬತ್ತು ಚೀಲ ಒಟ್ಟಿದರು. ಜೀವನವೆಲ್ಲ ಕಾಳು ನೋಡಿದವರಿಗೆ ನೆನೆದ ಕಡಲೆ ಉಬ್ಬುತ್ತದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನೀರು ಮುಂಬಾಗಿಲಿನ ಅಡಿಯಿಂದ ಜಿನುಗಿತು, ಬಚ್ಚಲ ಮೋರಿಯಿಂದ ನುಗ್ಗಿತು. ಚೀಲಗಳು ಉಬ್ಬಿ ಕಲ್ಲಿನ ಗೋಡೆಯಾದವು. ಈಗ ಆಯಿಯನ್ನು ಕರೆದುಕೊಂಡು ಹೋಗೋಣವೆಂದರೂ ಬಾಗಿಲು ತೆರೆಯುವಂತಿರಲಿಲ್ಲ, ನಮ್ಮ ಮನೆಗೆ ಹಿತ್ತಲ ಬಾಗಿಲಿಲ್ಲ. ನೀರು ಆಯಿಯ ಮಂಚದ ಹಲಗೆಗೆ ತಾಗಿತು. ಅಪ್ಪ, ಅವ್ವ, ನಾನು ಅವಳನ್ನು ಊಟದ ಟೇಬಲಿನ ಮೇಲೆ ಕೂರಿಸಿ ಮೂರು ತಾಸು ಹಿಡಿದುಕೊಂಡು ನಿಂತೆವು. ‘ನನ್ನ ಮದವ್ಯಾಗೂ ಹಿಂಗ ಎತ್ತರದಾಗ ಕುಂದ್ರಿಸಿದ್ದಿಲ್ಲ,’ ಎಂದಳು ಆಯಿ. ಅವಳ ಕೈ ತಣ್ಣಗಾಗಿತ್ತು. ನೀರು ತಾನಾಗಿ ಇಳಿಯಿತು. ಇನ್ನೊಂದು ಗೇಣು ಏರಿದ್ದರೆ ಟೇಬಲೂ ಮುಳುಗುತ್ತಿತ್ತು. ಆಮೇಲೆ ಚೀಲ ಕೊಯ್ದು, ಕಡಲೆ ಬೊಗಸೆಯಲ್ಲಿ ಮೊಗೆದು ಬಾಗಿಲು ಬಿಡಿಸಿದೆವು.

ಎರಡನೆಯ ದಿನ: ಏರಿಸುವ ಕ್ರಮ

ಬೆಳಿಗ್ಗೆ ಎದ್ದಾಗ ಮಳೆ ಹಿಡಿದಿತ್ತು. ನಾನಿದ್ದದ್ದು ಕೆಳಗಿನ ಹಿಂಬದಿ ಕೋಣೆಯಲ್ಲಿ. ಜಾಣತನದಿಂದ ಸೂಟ್‌ಕೇಸನ್ನು ಮಂಚದ ಮೇಲಿಟ್ಟು, ಬಾಗಿಲ ಸಂದಿಗೆ ಎರಡು ಟವೆಲ್ ತುರುಕಿ, ಅದಕ್ಕೊತ್ತಿ ಅವರ ಅಕ್ಕಿಯ ಚೀಲವನ್ನು ಎಳೆದಿಟ್ಟೆ. ಲಾನ್ ಬಾಗಿಲು ತಳ್ಳಿದರು, ಬರಲಿಲ್ಲ. ಇನ್ನೊಮ್ಮೆ ತಳ್ಳಿದರು. ಒಳಗೆ ಬಂದವರು ಮೊದಲು ಅಕ್ಕಿ ಚೀಲ ನೋಡಿದರು, ಆಮೇಲೆ ನನ್ನನ್ನು.

‘ಇದೇನು?’

‘ನೀರು ಬರಬಾರದಂತ.’

‘ನೀರು ಬರಲಿ. ನೀ ಹೊರಗ ಹೆಂಗ ಬರ್ತಿ?’

ನನ್ನ ಮಂಚದ ಎತ್ತರವನ್ನು ಅವರು ತೋಳಿನಲ್ಲಿ ಅಳೆದು, ಅಂಗಡಿಯ ಗೋಡೆಯ ಗೆರೆಗೆ ಹಿಡಿದು ತೋರಿಸಿದರು. ಎಂಟು ಇಸವಿಗಳು ಮಂಚಕ್ಕಿಂತ ಮೇಲಿದ್ದವು.

ಅಂದು ಪೂರ್ತಿ ಸಾಮಾನು ಏರಿಸಿದೆವು. ಮೊದಲು ಹಿರಿಯರ ಪೂಜೆಯ ಪಟಗಳು, ಧೂಪದ ಬಟ್ಟಲು. ಆಮೇಲೆ ಕಿಂಡಿಯಿಂದ ಥಾನುಗಳು. ಹೊಲಿಗೆ ಯಂತ್ರಗಳ ತಲೆ ಬೇರೆ, ಕಾಲು ಬೇರೆ. ತಲೆ ಮಾತ್ರ ಏರುತ್ತದೆ. ಒಲೆ, ಅಕ್ಕಿ, ಕುಡಿಯುವ ನೀರು, ಔಷಧಿ ಎಲ್ಲಕ್ಕೂ ಕೊನೆಗೆ. ಮೊದಲು ಏರಿದ್ದು ಗುಡ್ಡೆಯ ಅಡಿಗೆ ಹೋಗುತ್ತದೆ, ಮೊದಲು ಬೇಕಾಗುವುದು ಕೈಗೆ ಹತ್ತಿರ ಇರಬೇಕು. ನಾನು ಎಲ್ಲರಿಗಿಂತ ಮುಂಚೆ ಸೂಟ್‌ಕೇಸ್ ಕಳಿಸಿಬಿಟ್ಟಿದ್ದೆ. ಪಾಸ್‌ಪೋರ್ಟು, ಫೋನಿನ ಚಾರ್ಜರು, ಒಣ ಬಟ್ಟೆ ಎಲ್ಲ ನಲವತ್ತು ಥಾನುಗಳ ಕೆಳಗೆ ಹೋದವು. ಮುಂದಿನ ಎರಡು ದಿನ ಲಾನ್ ಅವರ ಹೂವಿನ ಪಾಯಜಾಮದಲ್ಲಿ ಕಳೆದೆ. ಅದು ನನ್ನ ಮೊಣಕಾಲಿನ ಕೆಳಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಅವರು ಬಾಗಿಲ ಹಿಂದೆ ಅಂಟಿಸಿದ ಕಾಗದದಲ್ಲಿ ಏನೋ ಬರೆಯುತ್ತಿದ್ದರು. ಗಲ್ಲಿಯ ಹನ್ನೊಂದು ಮನೆಗಳ ಪಟ್ಟಿ: ಯಾವ ಮನೆಯವರು ಯಾರ ಮಾಳಿಗೆಗೆ, ಯಾರನ್ನು ಯಾರು ಹೊತ್ತು ತರಬೇಕು.

‘ಈಜು ಬರ್ತೈತಿ?’

‘ಇಲ್ಲ.’

ಬರೆದರು. ಏನು ಬರೆದಿರಿ ಎಂದು ಕೇಳಿದರೆ ಬೆರಳಿಟ್ಟು ಓದಿದರು: ‘ಭಾರತ. ಒಬ್ಬಾಕಿ. ಇಪ್ಪತ್ತೊಂಬತ್ತು. ಗಂಡ ಇಲ್ಲ. ಈಜು ಇಲ್ಲ.’ ನಾನು ಹುಬ್ಬಳ್ಳಿಯಲ್ಲಿ ಜೋಪಾನ ಮಾಡಿಕೊಂಡು ಬಂದದ್ದೆಲ್ಲ ಗಲ್ಲಿಯ ಕಣ್ಣಿಗೆ ಬೀಳುವಂತೆ ಅಲ್ಲಿ ನೇತಾಡುತ್ತಿತ್ತು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ನನ್ನ ಸಾಲಿನ ಕೊನೆಗೆ ಇನ್ನೊಂದು ಹೆಸರಿತ್ತು, ಮೋಟಾರ್‌ಸೈಕಲ್ ರಿಪೇರಿಯವನದು. ನೀರು ಅತಿಯಾದರೆ ನನ್ನನ್ನು ಹುಡುಕಬೇಕಾದವನು ಅವನು.

ಮೂರನೆಯ ದಿನ: ಬಾ ನಾಮ್ ಬಂದದ್ದು

ಬೆಳಗಿನ ಧ್ವನಿವರ್ಧಕ ಎರಡನೆಯ ಮೆಟ್ಟಿಲಿನ ಅಂಕಿ ಹೇಳಿತು. ಲಾನ್ ವಿದ್ಯುತ್ತಿನ ಮೇನ್ ಆರಿಸಿ, ಮುಂಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ಮೇಲೆ ಕಳಿಸಿದರು. ಹಿತ್ತಲ ಬಾಗಿಲನ್ನೂ ತೆರೆದು ಹಗ್ಗದಿಂದ ಕಟ್ಟಿದರು. ಮುಂದಿನ ಬೀದಿಯಿಂದ ಹಿಂದಿನ ಬೀದಿಯವರೆಗೆ ಮನೆ ಆರಪಾರ ಕಾಣುತ್ತಿತ್ತು.

ನೀರು ಇನ್ನೂ ಪಾದ ಮುಳುಗುವಷ್ಟು ಇದ್ದಾಗಲೇ ರಿಪೇರಿಯವನೂ ಇನ್ನೊಬ್ಬನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಮುದುಕಿಯನ್ನು ಹೊತ್ತು ತಂದರು. ಬಾ ನಾಮ್, ‘ಬಾ’ ಎಂದರೆ ಅಜ್ಜಿ. ಹಿಂದಿನ ಒಂದಂತಸ್ತಿನ ಮನೆಯವಳು. ಮಡಿಲಲ್ಲಿ ರೇಡಿಯೊ, ಅದರ ಮೇಲೆ ಒಂದು ಕೋಳಿ. ಮೆಟ್ಟಿಲು ಕಡಿದಾಗಿತ್ತು. ಹೊರುವವರು ಕುರ್ಚಿಯನ್ನು ತಿರುಗಿಸಿದರು: ಬೆನ್ನಿನ ಕಡೆ ಹಿಡಿದವನು ಮೊದಲು ಹಿಂದೆಹಿಂದೆ ಏರುತ್ತಾನೆ, ಕಾಲಿನ ಕಡೆಯವನು ಕೆಳಗಿನಿಂದ ಎತ್ತುತ್ತಾನೆ, ಕುಳಿತವಳ ಮುಖ ಮೆಟ್ಟಿಲ ಕೆಳಗಿನ ಕಡೆಗೆ. ಬಾ ನಾಮ್ ರಾಣಿಯ ಹಾಗೆ ನಮ್ಮನ್ನೆಲ್ಲ ನೋಡುತ್ತ ಹಿಂದಕ್ಕೆ ಏರಿದಳು. ನಾನು ಟಿಪ್ಪಣಿ ಪುಸ್ತಕದಲ್ಲಿ ಚಿತ್ರ ಬರೆದುಕೊಂಡೆ.

ಮೇಲೆ ಕೂತವಳೇ ಅವಳು ಲಾನ್ ಕಡೆಗೆ ನೋಡದೆ ಕೋಳಿಗೆ ಏನೋ ಹೇಳಿದಳು. ಲಾನ್ ಒಲೆಗೆ ಏನೋ ಹೇಳಿದರು. ಇದು ಅರ್ಧ ತಾಸು ನಡೆಯಿತು.

‘ಏನಂತಾರ?’ ಎಂದು ಕೇಳಿದೆ.

‘ನನ್ನ ಸಾರಿಗೆ ರುಚಿ ಇಲ್ಲಂತ, ಕೋಳಿಗೆ ಹೇಳಾಕತ್ತಾಳ.’

‘ನೀವು?’

‘ಕೋಳಿ ಹಾಕಿದ್ರ ರುಚಿ ಆಗ್ತೈತಿ ಅಂತ ಒಲಿಗೆ ಹೇಳಿದೆ.’

ಹಿಂದಿನ ವರ್ಷ ಬಿರುಗಾಳಿಗೆ ಮೊದಲು ಬಾ ನಾಮ್‌ಳ ಹಲಸಿನ ಟೊಂಗೆಯೊಂದು ಲಾನ್ ಅವರ ಮಾಡಿನ ಮೇಲೆ ಬಾಗಿತ್ತು. ಲಾನ್ ಕೇಳದೆ ಕಡಿಸಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

‘ಮಾತಿಲ್ಲದವರ ಮನಿಗೆ ಹೆಂಗ ಬಂದ್ರು?’

ಲಾನ್‌ಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಕೇಳಬೇಕಾಯಿತು.

‘ಆಕಿ ಮಾಳಗಿ ಇದ,’ ಎಂದರು ಕೊನೆಗೆ. ‘ಪಟ್ಟ್ಯಾಗ ಐತಿ. ನಮ್ಮತ್ತಿ ಇದ್ದಾಗಿಂದ ಐತಿ. ಜಗಳಾ ನೀರ್ ಇಳದ್ ಮ್ಯಾಲ ಮತ್ತ ಸುರು ಮಾಡ್ತೀವಿ.’

ಮಧ್ಯಾಹ್ನ ನದಿ ಮನೆಯೊಳಗೆ ಬಂತು. ನಾನು ಮೆಟ್ಟಿಲ ಮೇಲೆ ಕುಳಿತು ನೋಡಿದೆ. ಕಂದು ನೀರು ಮುಂಬಾಗಿಲಿನಿಂದ ಅವಸರವಿಲ್ಲದೆ ಒಳಬಂದು, ಖಾಲಿ ಅಂಗಡಿಯನ್ನು ದಾಟಿ, ಹಿತ್ತಲಿನಿಂದ ಹೊರಹೋಯಿತು. ಯಾವ ಬಾಗಿಲೂ ಮುರಿಯಲಿಲ್ಲ, ಯಾವ ಗೋಡೆಯೂ ಅದಕ್ಕೆ ಎದುರು ನಿಲ್ಲಲಿಲ್ಲ. ಬೀದಿಯಲ್ಲಿ ದೋಣಿಯ ಹೆಂಗಸೊಬ್ಬಳು ಸೊಪ್ಪು ಮಾರುತ್ತ ಬಂದಳು. ಲಾನ್ ಮಾಳಿಗೆಯ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು, ಸೊಪ್ಪು ಬಾಡಿದೆ ಎಂದು ಚೌಕಾಸಿ ಮಾಡಿದರು. ಎದೆಮಟ್ಟದ ನೀರಿನ ಮೇಲೆ ಇಬ್ಬರು ಹೆಂಗಸರು ಸೊಪ್ಪಿನ ತಾಜಾತನದ ಬಗ್ಗೆ ವಾದಿಸುವುದನ್ನು ನಾನು ಬಹಳ ಹೊತ್ತು ಕೇಳುತ್ತ ಕೂತೆ. ಬಾ ನಾಮ್ ನನ್ನ ಕೈ ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದಳು. ಅವಳ ಕೈ ಬೆಚ್ಚಗಿತ್ತು.

ನಾಲ್ಕನೆಯ ದಿನ: ಕೆಸರು

‘ಏಳು, ಏಳು! ನೀರ್ ಹೊಂಟೈತಿ!’ ಎಂದು ಲಾನ್ ನಸುಕಿನಲ್ಲೇ ಎಬ್ಬಿಸಿದರು.

ನೀರು ಇಳಿಯತೊಡಗಿದರೆ ಖುಷಿಪಟ್ಟು ಕೂರುವಂತಿಲ್ಲ. ಅದು ಹೋಗುವ ಮೊದಲೇ ಕೆಸರನ್ನು ಅದರ ಜೊತೆಗೆ ಕಳಿಸಬೇಕು. ನೆಲಕ್ಕೆ ಕೂತು ಒಣಗಿದರೆ ವಾರಗಟ್ಟಲೆ ಕೆರೆಯಬೇಕಾಗುತ್ತದೆ. ಮೊಣಕಾಲ ನೀರಿನಲ್ಲಿ ನಿಂತು ಇಡೀ ಬೀದಿ ಪೊರಕೆಯಿಂದ ನೀರನ್ನು ಕಲಕುತ್ತಿತ್ತು, ಗೋಡೆ ಉಜ್ಜುತ್ತಿತ್ತು. ಹುಬ್ಬಳ್ಳಿಯಲ್ಲಿ ನಾವು ನೀರೆಲ್ಲ ಹೋಗುವವರೆಗೆ ಕಾದು, ಆಮೇಲೆ ಹನ್ನೆರಡು ದಿನ ಸಲಿಕೆಯಿಂದ ಕೆಸರು ತೆಗೆದಿದ್ದೆವು.

ಗೋಡೆಯ ಮೇಲೆ ಹೊಸ ಗುರುತು ಹಾಕುವ ಕೆಲಸ ನನಗೆ ಬಂತು. ನಾನು ಅಳತೆಪಟ್ಟಿ ಕೇಳಿ ಪಡೆದು ನೇರವಾಗಿ ಗೆರೆ ಎಳೆದೆ. ಲಾನ್ ನಕ್ಕುಬಿಟ್ಟರು. ಅಷ್ಟೊಂದು ನೇರ ಗೆರೆ ಆ ಗೋಡೆಯ ಮೇಲೆ ಇನ್ನೊಂದಿರಲಿಲ್ಲ.

ಬಾ ನಾಮ್ ಬಂದ ಕುರ್ಚಿಯಲ್ಲೇ ಹೊರಟಳು. ಹೊಸ್ತಿಲು ದಾಟುವಾಗ ತಿರುಗಿ ಏನೋ ಕೂಗಿದಳು, ಈ ಸಲ ಲಾನ್‌ಗೇ.

‘ಟೊಂಗಿ,’ ಎಂದು ಲಾನ್ ಸಂತೋಷದಿಂದ ಹೇಳಿದರು. ‘ಸುರು ಆತು.’

ಬಸ್ಸಿಗೆ ಹೊರಟಾಗ ಅವರು ಒಂದು ತುಂಡು ನೀಲಿ ಅರಿವೆ ಕೈಗಿಟ್ಟು, ಮೊದಲ ದಿನದ ಪ್ರಶ್ನೆಯನ್ನು ಮತ್ತೆ ಕೇಳಿದರು. ‘ನಿಮ್ಮ ಆಯಿನ್ನ ಯಾರು ಎತ್ತತಾರ?’

‘ಕೇಳಬೇಕು,’ ಎಂದೆ. ‘ಯಾರನ್ನ ಕೇಳಬೇಕು ಅಂತ ಗೊತ್ತಾಗೇತಿ.’

ಹುಬ್ಬಳ್ಳಿ

ಆದರೂ ಕೇಳಲು ನನಗೆ ಆರು ತಿಂಗಳು ಬೇಕಾಯಿತು. ಮೇ ತಿಂಗಳ ಒಂದು ಸಂಜೆ, ಪಶ್ಚಿಮಕ್ಕೆ ಮೊದಲ ಮೋಡ ಕಟ್ಟಿದಾಗ, ನೀಲಿ ಅರಿವೆ ಹಿಡಿದುಕೊಂಡು ಕಾಂಬಳೆ ಬಾಯಾರ ಮನೆಗೆ ಹೋದೆ. ಅಲ್ಲಿ ಏನೇನು ಮಾತಾಯಿತು ಎಂಬುದೆಲ್ಲ ಇಲ್ಲಿ ಬೇಡ. ಹಿಂದಿನ ವರ್ಷ ಸುಮ್ಮನಿದ್ದದ್ದಕ್ಕೆ ತಪ್ಪಾಯಿತು ಎಂದೆ. ಬಾಯಾರು ಅರಿವೆಯ ಅಂಚು ಸವರುತ್ತ, ‘ಆ ದಿನಾ ನನ್ನ ಕಣ್ಣೆಲ್ಲಾ ನಿಮ್ಮ ಕಿಡಕ್ಯಾಗ ಇತ್ತವಾ,’ ಎಂದರು. ‘ಖೋಲಿ ಖಾಲಿನ ಐತಿ. ಕರಕೊಂಬಾ.’

ಅಪ್ಪನಿಗೆ ಹೇಳಿದೆ.

‘ನೀರ್ ಬಂದಾಗ ನೋಡೂಣು,’ ಎಂದರು.

‘ಬಂದಾಗ ಆಗೂದಿಲ್ಲಪ್ಪಾ. ಹ್ವಾದ ಸಲ ಬಾಗಿಲಾನ ತೆರೀಲಿಲ್ಲ.’

ಅಪ್ಪ ಪೇಪರು ಮಡಚಿದರು, ಮತ್ತೆ ಬಿಚ್ಚಿದರು. ಒಳಗಿನ ಮಂಚದಿಂದ ಆಯಿಯ ದನಿ ಬಂತು.

‘ಟೇಬಲ್ ಮ್ಯಾಲ ಇನ್ನೊಮ್ಮಿ ಕುಂದ್ರೂದಿಲ್ಲ ನಾ. ಹೇಳೇನಿ. ಕುರ್ಚಿ ತರ್ರಿ.’

ಮುಂದಿನ ರವಿವಾರ ಮುಂಜಾನೆ, ಬಿಸಿಲಿರುವಾಗಲೇ, ಆಯಿಯನ್ನು ಕಾಂಬಳೆಯವರ ಮಾಳಿಗೆಗೆ ಒಂದು ಸಲ ಏರಿಸಿ ನೋಡಿದೆವು. ನನ್ನ ಟಿಪ್ಪಣಿ ಪುಸ್ತಕದ ಚಿತ್ರದ ಪ್ರಕಾರ ಕುರ್ಚಿಯ ಬೆನ್ನಿಗೆ ಅಪ್ಪ, ಕಾಲಿನ ಕಡೆಗೆ ಬಾಯಾರ ಗಂಡ ಕಾಂಬಳೆ ಸರ್. ಎಷ್ಟು ಹೊತ್ತು ಹಿಡಿಯುತ್ತದೆ ನೋಡಬೇಕೆಂದು ನಾನು ಫೋನಿನ ಗಡಿಯಾರ ಒತ್ತಿದೆ. ನಮ್ಮ ಗೇಟಿನಲ್ಲಿ ಕುರ್ಚಿಯ ಕೈ ಸಿಕ್ಕಿಕೊಂಡಿತು. ಎರಡು ನಿಮಿಷ ಅಲ್ಲೇ ಹೋಯಿತು. ಗೇಟು ಕಳಚಿಡಬೇಕು ಎಂದು ಬರೆದುಕೊಂಡೆ.

‘ಸಾವಕಾಶ, ಸರ್,’ ಎಂದು ಅಪ್ಪ ಮೇಲಿನಿಂದ ಹೇಳಿದರು.

‘ನೀವು ಏರ್ರಿ ಸಾಹುಕಾರ್ರ, ನಾ ಹಿಡಿದೇನಿ,’ ಎಂದರು ಸರ್ ಕೆಳಗಿನಿಂದ.

ಹದಿನೇಳು ಮೆಟ್ಟಿಲು. ಮಾಳಿಗೆಯ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ, ಗೋಡೆಗೆ ಬುದ್ಧನ ಪಟ. ಆಯಿ ಸುತ್ತ ನೋಡಿ, ಗಾಳಿ ಛಲೋ ಬರುತ್ತದೆ ಎಂದಳು. ಅಪ್ಪನಿಗೆ ದಮ್ಮು ಹತ್ತಿತ್ತು. ಎರಡೂ ಕೈ ಮೊಣಕಾಲಿಗೆ ಊರಿ ಬಾಗಿ ನಿಂತಿದ್ದರು. ಕೆಳಗೆ ನಮ್ಮ ಮನೆಯ ಮುಂಬಾಗಿಲು ತೆರೆದೇ ಇತ್ತು.

‘ಬಾಯಾರ,’ ಎಂದರು ಅಪ್ಪ, ತಲೆ ಎತ್ತದೆ. ‘ಒಂದು ತಂಬಗಿ ನೀರ್ ಕೊಡ್ರಿ.’

ಬಾಯಾರು ತಂದರು. ಅಪ್ಪ ತಂಬಿಗೆ ಎತ್ತಿ ಪೂರ್ತಿ ಕುಡಿದರು.

ಮನೆಗೆ ಬಂದ ಮೇಲೆ ನೋಡಿದರೆ ಫೋನಿನ ಗಡಿಯಾರ ಇನ್ನೂ ಓಡುತ್ತಿತ್ತು. ನಿಲ್ಲಿಸುವುದನ್ನು ಮರೆತಿದ್ದೆ. ಮುಂದಿನ ರವಿವಾರ ಇನ್ನೊಮ್ಮೆ ಏರಿಸಬೇಕು.